ಒಂದನೇ ನಂಬರಿನ ಬೀಗ

ಯಂತ್ರಗಳು ತಮ್ಮ ಸುಸ್ತನ್ನು ತಾವೇ ಬಾಯಿಬಿಟ್ಟು ಹೇಳುವಂತಾದರೆ, ಅಲ್ಲಿಯವರೆಗೂ ಅವುಗಳ ಪರವಾಗಿ ಬಾಯಿ ನಡೆಸುತ್ತಿದ್ದ ಮನುಷ್ಯನ ಗತಿಯೇನು? ಈ ಪ್ರಶ್ನೆ ಭೂಮಂಡಲದಲ್ಲಿ ಮೊಟ್ಟಮೊದಲು ಎದ್ದದ್ದು ಜಪಾನಿನಲ್ಲೂ ಅಲ್ಲ, ಜರ್ಮನಿಯಲ್ಲೂ ಅಲ್ಲ. ಕಾಗಿಣಾ ನದಿಯ ದಂಡೆಯ ಸುಣ್ಣಗೇರಾ ಸಿಮೆಂಟ್ ಕಾರ್ಖಾನೆಯಲ್ಲಿ, ಬಂಡೆಪ್ಪ ಮಾಲಗತ್ತಿಯ ಹೊಟ್ಟೆಯೊಳಗೆ. ಅದೂ ಪ್ರಶ್ನೆಯಾಗಿ ಏಳಲಿಲ್ಲ, ಉರಿಯಾಗಿ ಎದ್ದಿತು. ಆ ಉರಿಯ ಮುಂದೆ ಕಾರ್ಖಾನೆಯ ಸಾವಿರದ ನಾನೂರು ಡಿಗ್ರಿಯ ಬೆಂಕಿ ಬರೀ ಚಿಮಣಿ ದೀಪ.

ಬಂಡೆಪ್ಪ ಏನು ಸಾಮಾನ್ಯನೆ? ನಟ್ಟು ಬಿಗಿಯುವ ಉದ್ದನೆಯ ಪಾನಾ ಒಂದನ್ನು ಬೇರಿಂಗಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿದನೆಂದರೆ ಮುಗಿಯಿತು. "ಇದು ಬುಧವಾರ ಊಟ ಆದ ಮ್ಯಾಲ ಹೋಯ್ತದ" ಅನ್ನುತ್ತಿದ್ದ. ಬುಧವಾರ ಅವನು ಊಟ ಮುಗಿಸಿ ಕೈ ತೊಳೆಯುತ್ತಿರುವಾಗಲೇ ಅದು ಹೋಗುತ್ತಿತ್ತು. ಒಂದು ಸಲ ಅವನಿಗೆ ನೆಗಡಿಯಾಗಿ ಕಿವಿ ಕಟ್ಟಿದಾಗ ಇಡೀ ಕಾರ್ಖಾನೆ ಮೂರು ದಿನ ಉಸಿರು ಬಿಗಿಹಿಡಿದು ಓಡಿತಂತೆ.

ಅವನ ಕೆಲಸ ಶಟ್‌ಡೌನ್ ಕಟ್ಟುವುದು. ಕಾರ್ಖಾನೆಯ ನಡುವೆ ಕಿಲನ್ ಅಂತ ಒಂದು ಕಬ್ಬಿಣದ ಕೊಳವೆ ಮಲಗಿದೆ. ಎಪ್ಪತ್ತು ಮೀಟರ್ ಉದ್ದ, ಒಳಗೆ ಲಾರಿ ಹಾಯುವಷ್ಟು ಅಗಲ, ಒಡಲಿನ ತುಂಬ ಇಟ್ಟಿಗೆಯ ಅಸ್ತರು. ಹಗಲೂ ರಾತ್ರಿ ಅದು ತಿರುಗುತ್ತ ಸುಣ್ಣದ ಕಲ್ಲನ್ನು ಸುಡುತ್ತದೆ. ವರ್ಷಕ್ಕೊಮ್ಮೆ ಅದನ್ನು ಆರಿಸಿ, ತಣಿಸಿ, ಹಳೆ ಇಟ್ಟಿಗೆ ಕೆಡವಿ ಹೊಸದು ಕಟ್ಟಬೇಕು. ಆ ಹೊತ್ತಿನಲ್ಲೇ ಉಳಿದ ನಾಲ್ಕು ಸಾವಿರ ಚಿಲ್ಲರೆ ಕೆಲಸಗಳೂ ಮುಗಿಯಬೇಕು. ಯಾರ ಹಿಂದೆ ಯಾರು, ಯಾವ ಕ್ರೇನು ಯಾವ ಗಳಿಗೆಗೆ ಎಂದು ಆ ನಾಲ್ಕು ಸಾವಿರವನ್ನೂ ಒಂದೇ ಹಗ್ಗಕ್ಕೆ ಪೋಣಿಸುವವನು ಬಂಡೆಪ್ಪ. ಇಪ್ಪತ್ತೆರಡು ವರ್ಷ, ಇಪ್ಪತ್ತೆರಡು ಶಟ್‌ಡೌನ್, ನೀಲಿ ರಟ್ಟಿನ ಇಪ್ಪತ್ತೆರಡು ನೋಟ್‌ಬುಕ್. ಹದಿನೆಂಟು ದಿನಕ್ಕೆ ಮುಗಿಸಿದ್ದು ಅವನ ದಾಖಲೆ. ಅದನ್ನು ಮುರಿಯುವವನು ಇನ್ನೂ ತಾಯಿಯ ಹೊಟ್ಟೆಯಲ್ಲೂ ಇಲ್ಲ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ.

ಮುರಿಯುವವಳು ತಾಯಿಯ ಹೊಟ್ಟೆಯಿಂದ ಬರಲಿಲ್ಲ, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬಂದಳು.

ಕಂಪನಿ ಆ ಯಂತ್ರಕ್ಕಿಟ್ಟ ಹೆಸರು ಸುನಾದ. ಕೂಲಿಯವರ ಬಾಯಲ್ಲಿ ಎರಡೇ ದಿನಕ್ಕೆ ಸುನಂದಾಬಾಯಿ ಆಯಿತು. ಅಂಗಿಯ ಗುಂಡಿಯಷ್ಟು ದೊಡ್ಡ ಎರಡು ಸಾವಿರದ ನಾನೂರು ಕಿವಿಗಳನ್ನು ಕಾರ್ಖಾನೆಯ ಮೈಮೇಲೆಲ್ಲ ದನಕ್ಕೆ ಉಣ್ಣೆಹುಳ ಕಚ್ಚಿದ ಹಾಗೆ ಅಂಟಿಸಿದರು. ಕಬ್ಬಿಣ ದಣಿದಾಗ ಒಳಗೊಳಗೆ ಚಿಟಿಚಿಟಿ ಅನ್ನುತ್ತದಂತೆ. ಮನುಷ್ಯನ ಕಿವಿಗೆ ನಿಲುಕದ ಆ ಸದ್ದನ್ನು ಕೂಡಿಸಿ ಕಳೆದು, ಯಾವುದು ಎಷ್ಟು ತಾಸು ಬದುಕುತ್ತದೆ ಎಂದು ಅವಳು ಹೇಳುವಳು. ಅಷ್ಟೇ ಆಗಿದ್ದರೆ ಬಂಡೆಪ್ಪ ಸಹಿಸಿಕೊಳ್ಳುತ್ತಿದ್ದನೇನೋ. ಅವಳಿಗೆ ಶಟ್‌ಡೌನ್ ಕಟ್ಟುವುದನ್ನೂ ಕಲಿಸಬೇಕೆಂದು ಅವನ ನೋಟ್‌ಬುಕ್ಕುಗಳನ್ನೇ ಕೇಳಿದರು. ತನ್ನ ಅಕ್ಷರ ಬ್ರಹ್ಮನಿಗೂ ಓದಲು ಬಾರದು ಎಂಬ ಧೈರ್ಯದ ಮೇಲೆ ನಗುತ್ತಲೇ ಕೊಟ್ಟ. ಸುನಂದಾಬಾಯಿ ಇಪ್ಪತ್ತೆರಡನ್ನೂ ಕಾಲು ತಾಸಿನಲ್ಲಿ ಓದಿ ಮುಗಿಸಿದಳು. ಮೇಲಾಗಿ ಹಳೆಯ ವಾಕಿಟಾಕಿ ಧ್ವನಿಗಳನ್ನೆಲ್ಲ ಕೇಳಿ, ಅವನ ಮಾತಿನ ವರಸೆಯನ್ನೂ ಎತ್ತಿಕೊಂಡಳು.

ಇಪ್ಪತ್ಮೂರನೇ ಶಟ್‌ಡೌನಿನ ಮೊದಲ ದಿನ ಕಂಟ್ರೋಲ್ ರೂಮಿನಲ್ಲಿ ಅವಳು ಬಾಯಿ ತೆರೆದಳು.

"ಕ್ರೇನ್ ಒಂಬತ್ತೂ ಹತ್ತಕ್ಕ ಬರ್ತದ. ಹೂಂ, ಮುಂದ?"

"ಹೂಂ, ಮುಂದ?" ಅನ್ನುವುದು ಬಂಡೆಪ್ಪನ ಸ್ವಂತ ಆಸ್ತಿ. ಇಪ್ಪತ್ತೆರಡು ವರ್ಷ ಪ್ರತಿ ಕೆಲಸದ ಕೊನೆಗೆ ಅವನು ಅದನ್ನು ಅಂದು ಅಂದು ಸವೆಸಿದ್ದ. ಅವನ ಮೈಯೆಲ್ಲ ಕೆಂಪಾಯಿತು.

"ಆ ಕ್ರೇನಿನವ ಹನ್ನೆರಡರೊಳಗ ಒಂದು ದಿನಾನೂ ಬಂದವ ಅಲ್ಲ" ಎಂದ ಬಂಡೆಪ್ಪ.

"ಅವ್ರ ಮನ್ಯಾಗ ಆರಕ್ಕೇ ಎಬ್ಬಿಸ್ಲಾಕ ಹೇಳೀನ್ರಿ" ಅಂದಳು ಬಾಯಿ.

ಒಂಬತ್ತೂ ಹತ್ತಕ್ಕೆ ಕ್ರೇನು ಬಂತು. ಅದರ ಹಾರ್ನು ಬಂಡೆಪ್ಪನಿಗೆ ನಗೆಯ ಹಾಗೆ ಕೇಳಿಸಿತು. ಕಾರ್ಖಾನೆಯ ಮುಖ್ಯಸ್ಥ ಇನಾಮದಾರ ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಏನ್ ಮಾಲಗತ್ತಿ, ಇನ್ನ ನಿಮಗ ಆರಾಮ ಆಯ್ತಲ್ಲ!" ಅಂದರು. ಆರಾಮ ಎಂಬ ಮಾತು ಬೈಗುಳ ಎಂದು ಬಂಡೆಪ್ಪನಿಗೆ ಗೊತ್ತಾದದ್ದು ಅವತ್ತೇ.

ಮನೆಯಲ್ಲಾದರೂ ಸುಖವಿತ್ತೆ? ಶಟ್‌ಡೌನಿನ ಹೊತ್ತಿಗೆ ಮನೆಯವರು ಕಾಯಬಾರದೆಂದು ಕಂಪನಿ ಪ್ರತಿ ಕ್ವಾರ್ಟರ್ಸಿಗೂ ಅವಳ ಧ್ವನಿಯ ಒಂದು ಪುಟ್ಟ ಡಬ್ಬಿ ಕೊಟ್ಟಿತ್ತು. ಬಂಡೆಪ್ಪನ ಹೆಂಡತಿ ಮಹಾನಂದಾ ಇಪ್ಪತ್ತೆರಡು ವರ್ಷ "ಈಗ ಬಂದೆ" ಎಂಬ ಒಂದೇ ಮಾತು ಕೇಳಿ ಕೇಳಿ, ಸೆಟೆದ ರೊಟ್ಟಿಯನ್ನು ಗುಡ್ಡದಷ್ಟು ಪೇರಿಸಿದವಳು. ಈಗ ಡಬ್ಬಿ ಹೇಳುತ್ತಿತ್ತು: "ಮಹಾನಂದಕ್ಕ, ಏಳೂ ನಲವತ್ತಕ್ಕ ಬಾಗಿಲಿಗಿ ಬರ್ತಾರ. ಹಂಚು ಇಡ್ರಿ." ಏಳೂ ನಲವತ್ತಕ್ಕೆ ಅವನು ಚಪ್ಪಲಿ ಬಿಡುವುದಕ್ಕೂ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು. ಅವನು ಬೇಕೆಂದೇ ಒಂದು ದಿನ ಓಣಿಯ ತಿರುವಿನಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಬಂದ. ಆಗಲೂ ರೊಟ್ಟಿ ಬಿಸಿಯಾಗಿಯೇ ಇತ್ತು.

"ಬಾಯಿ ಹೇಳ್ತು, ಹತ್ತು ನಿಮಿಷ ಸುಮ್ನ ನಿಂದರ್ತಾರ ಅಂತ" ಅಂದಳು ಮಹಾನಂದಾ, ನಗು ತಡೆಯುತ್ತ. "ನಾ ನಿಮ್ಮ ಕೂಡ ಇಷ್ಟು ವರ್ಷ ಬಾಳೇ ಮಾಡೀನಿ, ನನಗೇ ಇಷ್ಟು ತಿಳೀಲಿಲ್ಲ ನೋಡ್ರಿ ನಿಮ್ಮ ಹಕೀಕತ್ತು."

"ಹಂಗಾದ್ರ ಆಕಿ ಕೂಡೇ ಬಾಳೇ ಮಾಡು!"

"ಆಕಿ ಹೊತ್ತಿಗಿ ಸರಿಯಾಗಿ ಬರ್ತಾಳ. ಯೋಚನಿ ಮಾಡ್ಬೇಕಾದ ಮಾತೇ."

ಬಂಡೆಪ್ಪ ಅವತ್ತು ಐದೇ ರೊಟ್ಟಿ ತಿಂದು ಉಪವಾಸ ಮಲಗಿದ.

ಇಷ್ಟೆಲ್ಲ ಕಳೆದುಕೊಂಡವನಿಗೆ ಒಂದೇ ಒಂದು ಉಳಿದಿತ್ತು: ಬೀಗ. ಆ ಸೀಮೆಯಲ್ಲಿ ಅದಕ್ಕೆ ಕೀಲಿ ಅನ್ನುತ್ತಾರೆ. ಕಿಲನ್ ತಿರುಗಿಸುವ ಸ್ವಿಚ್ಚಿನ ಪಕ್ಕ ಒಂದು ಕೆಂಪು ಪೆಟ್ಟಿಗೆ ಇದೆ. ಕಿಲನ್ ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನ ನಂಬರಿನ ಬೀಗವನ್ನು ಆ ಪೆಟ್ಟಿಗೆಗೆ ಜಡಿದು, ಕೀಲಿಕೈ ತನ್ನ ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಹೊರಬಂದಾಗ ಅವನೇ ತೆಗೆಯಬೇಕು. ಒಂದೇ ಒಂದು ಬೀಗ ಉಳಿದಿದ್ದರೂ ಕಿಲನ್ ಕೂದಲೆಳೆಯಷ್ಟು ಅಲುಗದು, ಬೆಂಕಿ ಹೊತ್ತದು. ಮೊಟ್ಟಮೊದಲು ಬೀಳುವುದು ಒಂದನೇ ನಂಬರಿನ ಹಿತ್ತಾಳೆ ಬೀಗ, ಬಂಡೆಪ್ಪನದು. ಕಟ್ಟಕಡೆಗೆ ಏಳುವುದೂ ಅದೇ. ಯಾರಾದರೂ ಮರೆತು ಕೀಲಿಕೈಯನ್ನು ಮನೆಗೊಯ್ದರೆ ಅವನನ್ನು ಓಡಿಸಿಕೊಂಡು ಕರೆತರುತ್ತಾರೆ. ತಪ್ಪಿಗೆ ದಂಡ, ಪೂರಾ ಗ್ಯಾಂಗಿಗೆ ಮಿರ್ಚಿ ಭಜಿ. ಆ ಕಾರ್ಖಾನೆಯಲ್ಲಿ ಒಮ್ಮೆಯೂ ಭಜಿ ಕೊಡದವನೆಂದರೆ ಬಂಡೆಪ್ಪ ಒಬ್ಬನೇ.

ಸುನಂದಾಬಾಯಿಗೆ ಕೈಯಿಲ್ಲ, ಜೇಬಿಲ್ಲ, ಹಾಗಾಗಿ ಬೀಗವೂ ಇಲ್ಲ. ಅವಳು ತಲೆ ಎಣಿಸುವುದು ಹೆಲ್ಮೆಟ್ಟಿನೊಳಗಿನ ಎಲೆಕ್ಟ್ರಾನಿಕ್ ಚಿಪ್‌ನಿಂದ.

ಹದಿನೈದನೇ ದಿನ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಕಿಲನ್ ಹಚ್ಚುವುದು ಎಂದು ಬಾಯಿ ಮೊದಲ ದಿನವೇ ಹೇಳಿದ್ದಳು. ಹನ್ನೊಂದು ಅಂದರೆ ಹನ್ನೊಂದೇ. ಬಂಡೆಪ್ಪನ ದಾಖಲೆಗಿಂತ ಪೂರಾ ಮೂರು ದಿನ ಮುಂಚೆ! ಕಿಲನ್ ಮುಂದೆ ಶಾಮಿಯಾನ ಎದ್ದಿತ್ತು. ಮಾಲೀಕರು ಹೆಲಿಕಾಪ್ಟರಿನಲ್ಲಿ ಬರುವವರಿದ್ದರು. ಒಂಬತ್ತೂವರೆಗೆ ಬಂಡೆಪ್ಪ ಆ ಕಡೆ ಹಾಯ್ದಾಗ ಮೇಜಿನ ಮೇಲೊಂದು ಹಾರ ಕಂಡಿತು. ಎಂತಹ ಹಾರ! ಕಲಬುರಗಿ ಮಾರುಕಟ್ಟೆಯ ಸೇವಂತಿಗೆಯೆಲ್ಲ ಅದರಲ್ಲೇ ಇತ್ತು, ನಾಲ್ವರು ಹೊರುವಂಥದ್ದು.

"ಯಾರಿಗಿದು?" ಎಂದು ಕೇಳಿದ. ಕೇಳುವಾಗ ಕತ್ತು ತನ್ನಷ್ಟಕ್ಕೆ ತಾನೇ ತುಸು ಬಾಗಿತ್ತು ಎಂಬುದನ್ನು ಮುಚ್ಚಿಡುವುದೇಕೆ?

"ಬಾಯಿಗ್ರಿ, ಸಾಹೇಬ್ರ" ಅಂದ ಶಾಮಿಯಾನದವನು. "ಡಬ್ಬಿಗಿ ಹ್ಯಾಂಗ ಹಾಕ್ಬೇಕೋ ತಿಳೀವಲ್ದು. ಮೊಳಿ ಹೊಡೀಲೇನ್ರಿ?"

ಬಂಡೆಪ್ಪನ ಒಳಗೆ ಏನೋ ಟಪ್ಪೆಂದು ಒಡೆಯಿತು. ಇಟ್ಟಿಗೆಯ ಅಸ್ತರೇ ಬಿದ್ದು ಬರೀ ಕಬ್ಬಿಣ ಕಾದ ಹಾಗೆ.

ಹತ್ತು ಗಂಟೆಗೆ ಇಟ್ಟಿಗೆಯ ಮೇಸ್ತ್ರಿ ಲಾಲಸಾಬ ತನ್ನ ಗ್ಯಾಂಗನ್ನು ಕರೆದುಕೊಂಡು ಕಿಲನಿನಿಂದ ಹೊರಬಂದ. ಒಬ್ಬೊಬ್ಬರೇ ಬೀಗ ತೆಗೆದರು. ಲಾಲಸಾಬ ತನ್ನ ಹದಿನೇಳನೇ ನಂಬರನ್ನೂ ತೆಗೆದು, ಹೆಲ್ಮೆಟ್ಟು ಬಿಚ್ಚಿ ಬಾಗಿಲ ಬಳಿ ಇಟ್ಟು, ಬೋಳುತಲೆ ಒರೆಸಿಕೊಂಡ.

"ಬಂಡೆಪ್ಪಣ್ಣ, ಒಳಗ ನನ್ನ ಕಟ್ಟಡ ನೋಡಿದ್ರ ಅರಮನಿ ಕಟ್ಟಿದವ್ರು ನಾಚಿಕೊಂಡು ಸಾಯ್ಬೇಕು. ನಿಂದೊಂದೇ ಉಳೀತು ನೋಡು. ತೆಗಿ, ಹಚ್ಚಿಬಿಡೋಣು."

"ತೆಗೀತೀನಿ ನಡಿ" ಎಂದ ಬಂಡೆಪ್ಪ.

ಎಲ್ಲರೂ ಶಾಮಿಯಾನದ ಕಡೆ ಹೋದರು. ಬಂಡೆಪ್ಪ ಜೇಬಿನ ಕೀಲಿಕೈಯನ್ನು ಒಮ್ಮೆ ಮುಟ್ಟಿದ. ಪೆಟ್ಟಿಗೆಯ ಮೇಲೆ ಒಂದನೇ ನಂಬರು ಒಂಟಿಯಾಗಿ ತೂಗುತ್ತಿತ್ತು. ಮತ್ತೊಮ್ಮೆ ಮುಟ್ಟಿದ. ಆಮೇಲೆ ಸ್ಕೂಟರ್ ಹತ್ತಿ, ಹತ್ತೂ ಐದಕ್ಕೆ ಗೇಟು ದಾಟಿ, ನೆಟ್ಟಗೆ ಮನೆಗೆ ಹೊರಟ. ಮರೆತೆ ಅಂದರಾಯಿತು! ಮನುಷ್ಯನಾದವನು ಮರೆಯುವುದಿಲ್ಲವೆ? ಹೋದರೆ ಒಂದು ಬುಟ್ಟಿ ಭಜಿ. ಹನ್ನೊಂದು ಮಾತ್ರ ಹನ್ನೊಂದಾಗಿ ಉಳಿಯಬಾರದು.

ಮಹಾನಂದಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಅಯ್ಯ! ಬಾಯಿ ಒಂದಕ್ಕ ಬರ್ತಾರ ಅಂದಿತ್ತಲ್ರೀ?"

"ಅಂದಿತ್ತಾ?" ಬಂಡೆಪ್ಪನ ಮುಖ ಹುಣ್ಣಿಮೆಯಾಯಿತು. "ತಪ್ಪಿತಲ್ಲ! ಆಕೀದೂ ತಪ್ಪಿತಲ್ಲ!" ಎನ್ನುತ್ತ ಹೋಗಿ ಡಬ್ಬಿಯ ಪ್ಲಗ್ಗು ಕಿತ್ತ. ಫೋನನ್ನೂ ಬಂದ್ ಮಾಡಿ, ಕೈಕಾಲು ತೊಳೆದು, ಜೋಕಾಲಿಯ ಮೇಲೆ ಕೂತು ಜೀಕತೊಡಗಿದ. ಹನ್ನೊಂದು ಹೊಡೆಯಿತು. ಕಿಲನ್ ಹೊತ್ತಿತೆಂದು ಸಾರುವ ಕಾರ್ಖಾನೆಯ ಸೀಟಿ ಕೂಗಲಿಲ್ಲ. ಹನ್ನೊಂದೂ ಕಾಲಾಯಿತು. ಸೀಟಿ ಇಲ್ಲ. ಆ ಮೌನದಷ್ಟು ಇಂಪಾದ ಸಂಗೀತವನ್ನು ಯಾವ ಗವಾಯಿಯೂ ಹಾಡಿರಲಿಕ್ಕಿಲ್ಲ.

ಅವನು ಬಿಚ್ಚಿಟ್ಟ ಅಂಗಿಯನ್ನು ನೀರಿಗೆ ಅದ್ದುತ್ತ ಮಹಾನಂದಾ ಜೇಬಿಗೆ ಕೈಹಾಕಿದಳು. ಕೈ ಹೊರಬಂದಾಗ ಬೆರಳಿಗೆ ಹಿತ್ತಾಳೆಯ ಕೀಲಿಕೈ ಜೋತಾಡುತ್ತಿತ್ತು.

"ಇದೇನ್ರಿ?"

"ಅದಾ... ಮರೆತು ತಂದೀನಿ."

"ಮರೆತವ್ರು ಪ್ಲಗ್ಗು ಕೀಳ್ತಾರೇನ್ರಿ?" ಮಹಾನಂದಾ ಜೋಕಾಲಿಯ ಸರಪಳಿ ಹಿಡಿದು ನಿಲ್ಲಿಸಿದಳು. "ಒಂದು ಡಬ್ಬಿ ಮ್ಯಾಲ ಹೊಟ್ಟಿಕಿಚ್ಚ? ಅಂಗೈಯಷ್ಟಿಲ್ಲ ಅದು!"

"ನಿನಗ ತಿಳಿಯಂಗಿಲ್ಲ. ಅದು ನಂದೆಲ್ಲ ಕಸಗೊಂಡದ."

"ತಗೊಂಡ್ರ ತಗೊಳ್ಳಿ. ನಾಕನೇ ವರ್ಷ ಫಿಟ್ಟರ್ ಮಡಿವಾಳಪ್ಪನ ಕಾಲು ಹೋದಾಗ ಯಾರೋ ಮೂರು ದಿನ ನನ್ನ ತೊಡಿ ಮ್ಯಾಲ ತಲಿ ಇಟ್ಟು ಅತ್ತಿದ್ರು. ಇನ್ನ ಮ್ಯಾಲ ಕೀಲಿ ಅಂದ್ರ ದೇವ್ರು ಅಂದಿದ್ರು. ದೇವರ ಕೂಡ ಆಟ ಆಡ್ಲಾಕ ಹತ್ತೀರಿ. ಏಳ್ರಿ ಮೊದ್ಲ!"

ಆ ಮಾತಿಗೆ ಬಂಡೆಪ್ಪನ ಹುಣ್ಣಿಮೆ ಮುಳುಗಿತು. ಮಡಿವಾಳಪ್ಪನ ಹೆಸರನ್ನು ಹತ್ತೊಂಬತ್ತು ವರ್ಷದಿಂದ ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಒದ್ದೆ ಅಂಗಿಯನ್ನೇ ತೊಟ್ಟು ಸ್ಕೂಟರ್ ಹತ್ತಿದ. ಅವನು ಹೊರಟ ವೇಗಕ್ಕೆ ದಾರಿಯ ಧೂಳು ಮರುದಿನವೇ ಕೂತದ್ದು.

ದಾರಿಯುದ್ದಕ್ಕೂ ಸುಳ್ಳನ್ನು ಬಾಯಿಪಾಠ ಮಾಡಿದ: ಹಸಿವಾಗಿತ್ತು, ಮರೆತೆ, ಭಜಿ ನಂದು. ಆದರೆ ಕಿಲನ್ ಮುಂದೆ ಬಂದಾಗ ಶಾಮಿಯಾನದಲ್ಲಿ ಒಬ್ಬರೂ ಇರಲಿಲ್ಲ. ಸಾವಿರದ ಇನ್ನೂರು ಜನ ಕಿಲನಿನ ಬಾಯಿಗೆ ಮುತ್ತಿದ್ದರು. ಗುಂಪು ಸೀಳಿಕೊಂಡು ಒಂದು ಸ್ಟ್ರೆಚರ್ ಬಂತು. ಅದರ ಮೇಲೆ ಬೋಳುತಲೆಯೊಂದು ಸುಣ್ಣದ ಧೂಳಿನಲ್ಲಿ ಬೆಳ್ಳಗಾಗಿ, ಕಣ್ಣಷ್ಟೇ ಪಿಳಿಪಿಳಿ ಅನ್ನುತ್ತಿತ್ತು. ಲಾಲಸಾಬ ಮೇಸ್ತ್ರಿ!

ಇನಾಮದಾರ ಸಾಹೇಬರು ಬಂಡೆಪ್ಪನನ್ನು ಕಂಡವರೇ ಬಾಚಿ ತಬ್ಬಿಕೊಂಡರು. ನಡೆದದ್ದನ್ನು ಅವರೇ ಹೇಳಿದರು.

ಎಲ್ಲರೂ ಹೋದ ಮೇಲೆ ಲಾಲಸಾಬನಿಗೆ, ಇಟ್ಟಿಗೆ ಸಾಲಿನ ಮಟ್ಟ ನೋಡುವ ತನ್ನ ಮಟ್ಟಗೋಲು ಒಳಗೇ ಉಳಿದದ್ದು ನೆನಪಾಗಿತ್ತು. ಅವನ ಅಜ್ಜನ ಕಾಲದ್ದು. ಒಂದು ನಿಮಿಷದ ಕೆಲಸ ಎಂದು ಬೀಗ ಹಾಕಲಿಲ್ಲ, ಹೆಲ್ಮೆಟ್ಟೂ ತೊಡಲಿಲ್ಲ. ಒಳಗೆ ಐವತ್ತು ಮೀಟರ್ ನಡೆದು, ಹೊಸ ಇಟ್ಟಿಗೆಯ ನುಣುಪಿಗೆ ಜಾರಿ ಬಿದ್ದು, ಕಾಲು ಮುರಿದು ಎಚ್ಚರ ತಪ್ಪಿದ. ಹೆಲ್ಮೆಟ್ಟು ಹೊರಗೇ ಕೂತಿತ್ತಾದ್ದರಿಂದ ಸುನಂದಾಬಾಯಿಯ ಎಣಿಕೆಯಲ್ಲಿ ಕಿಲನ್ ಖಾಲಿ. ಹನ್ನೊಂದಕ್ಕೆ ಹಚ್ಚಬೇಕೆಂದಾಗ ಪೆಟ್ಟಿಗೆಯ ಮೇಲೆ ಒಂದೇ ಬೀಗ ಕಂಡಿತು.

"ನಾನೇ ಅಂದೆ ಮಾಲಗತ್ತಿ, ಒಡೀರಿ ಆ ಕೀಲಿ ಅಂತ. ಗೇಟಿನ ದಾಖಲಾದೊಳಗ ನೀವು ಹತ್ತೂ ಐದಕ್ಕ ಹೊರಗ ಹೋಗೀರಿ. ಈ ಬಾಯಿ ಕೇಳಲಿಲ್ಲ! 'ಕೀಲಿ ಅದ ಅಂದ್ರ ಬಂಡೆಪ್ಪ ಒಳಗ ಅದಾರ' ಅಂತ ಒಂದೇ ಹಟ. ಹನ್ನೊಂದು ಮಂದೀನ ಬ್ಯಾಟರಿ ಕೊಟ್ಟು ಒಳಗ ಕಳಿಸ್ತು. ಎಲ್ಲಾರೂ 'ಬಂಡೆಪ್ಪಾ, ಬಂಡೆಪ್ಪಾ' ಅಂತ ಒದರಿಕೋತ ಹೊಂಟ್ರು. ಆ ಕಡೀಂದ ಓಗೊಟ್ಟವ..."

"ಬಂಡೆಪ್ಪ ಇಲ್ರೋ, ನಾ ಲಾಲಸಾಬ! ಅಂದೆ" ಎಂದು ಸ್ಟ್ರೆಚರಿನಿಂದಲೇ ಮೇಸ್ತ್ರಿ ಮುಗಿಸಿದ. "ಅಣ್ಣಾ, ನನ್ನ ಕಾಯಲಾಕ ನಿನ್ನ ಕೀಲಿ ಬಿಟ್ಟು ಹೋಗಿದ್ದಿಯಲ್ಲ. ನಿನಗ ಹ್ಯಾಂಗ ಗೊತ್ತಾಯ್ತೋ?"

ಬಂಡೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ನಾಲ್ವರು ಹಾರ ಹೊತ್ತು ತಂದು ಅವನ ಕತ್ತಿಗೆ ಹಾಕಿಯೇಬಿಟ್ಟರು. ಸಾವಿರದ ಇನ್ನೂರು ಜನ ಹೊಡೆದ ಚಪ್ಪಾಳೆಗೆ ಮಾಲೀಕರ ಹೆಲಿಕಾಪ್ಟರ್ ಇಳಿಯಲು ಹೆದರಿ ಎರಡು ಸುತ್ತು ಹೆಚ್ಚಿಗೆ ಹಾಕಿತು. ಹದಿನೈದು ದಿನದಿಂದ ಬೇಡಿದ್ದೆಲ್ಲ ಅವನ ಕೊರಳಲ್ಲಿತ್ತು. ಒಂದೊಂದು ಸೇವಂತಿಗೆಯೂ ಕೆಂಡದ ಹಾಗೆ ಸುಡುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ಮಾಲೀಕರ ಹಿಂದೆ ಹೋದಾಗ, ಬಂಡೆಪ್ಪ ಹಾರದ ಸಮೇತ ಕಂಟ್ರೋಲ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

"ಗೇಟಿನ ದಾಖಲಾ ಯಾಕ ನಂಬಲಿಲ್ಲ ನೀ?" ಎಂದು ಕೇಳಿದ. ಮೊದಲ ದಿನದ ಕ್ರೇನಿನ ಜಗಳದ ಆಮೇಲೆ ಅವಳ ಜೊತೆ ಅವನು ಆಡಿದ ಮೊದಲ ಮಾತು ಅದು.

"ನಾಕನೇ ನೋಟ್‌ಬುಕ್ಕು, ಅರವತ್ತೊಂದನೇ ಪುಟಾರಿ" ಅಂದಳು ಸುನಂದಾಬಾಯಿ. "'ಮಡಿವಾಳಪ್ಪ ಹೊರಗೆ ಹೋಗಿದ್ದಾನೆ ಎಂದು ಗೇಟಿನವರು ಹೇಳಿದರು. ನಂಬಿ ಬೀಗ ಒಡೆಸಿದೆ. ಅವನು ಒಳಗೇ ಇದ್ದ. ಇನ್ನು ಮೇಲೆ ಗೊತ್ತಿದೆ ಎಂದು ಯಾರೂ ಬೀಗ ಒಡೆಯಬಾರದು. ಗೊತ್ತಿದ್ದರೂ ಒಳಗೆ ಹೋಗಿ, ಹೆಸರು ಹಿಡಿದು ಕೂಗಿ, ಹುಡುಕಬೇಕು.' ಅಕ್ಷರ ಅಲ್ಲಿ ಭಾಳ ಕೆಟ್ಟಾವ್ರಿ. ಶಾಯಿ ಮ್ಯಾಲ ನೀರು ಬಿದ್ದದ. ಕಾಲು ತಾಸಿನಾಗ ಹತ್ತು ನಿಮಿಷ ಅದೊಂದೇ ಪುಟಕ್ಕ ಹಿಡೀತು."

ಆ ಪುಟವನ್ನು ಬರೆದ ಮೇಲೆ ಬಂಡೆಪ್ಪ ತಾನೇ ಒಮ್ಮೆಯೂ ತೆರೆದಿರಲಿಲ್ಲ. ಯಾವ ಇಂಜಿನಿಯರನೂ ಓದಿರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತ.

"ನಾ ಮರೀಲಿಲ್ಲ" ಎಂದ. "ಬೇಕಂತಲೇ ಒಯ್ದೆ. ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗಿ."

ಇಪ್ಪತ್ತೆರಡು ನೋಟ್‌ಬುಕ್ಕನ್ನು ಕಾಲು ತಾಸಿನಲ್ಲಿ ಓದಿದವಳಿಗೆ ಒಬ್ಬನ ಜೇಬು ಓದುವುದು ಯಾವ ಲೆಕ್ಕ?

"ಗೊತ್ತಿತ್ರಿ. ಪೆಟ್ಟಿಗಿ ಅಷ್ಟೇ ಕಾಣೋ ಕ್ಯಾಮೆರಾದಾಗ ನೀವು ಜೇಬು ಎರಡು ಸಲ ಮುಟ್ಟಿ ನೋಡಿಕೊಂಡ್ರಿ. ಮರೆಯೋವ್ರು ಮುಟ್ಟಿ ನೋಡಂಗಿಲ್ಲ."

"ಗೊತ್ತಿದ್ದೂ ಒಳಗ ಮಂದಿ ಕಳಿಸ್ದಿ?"

"ಗೊತ್ತಿದ್ರೂ ಹುಡುಕ್ಬೇಕು ಅಂತ ನೀವೇ ಬರ್ದೀರಲ್ರಿ. ಹೂಂ, ಮುಂದ?"

ಈ ಸಲ ಆ ಮಾತು ಅವನಿಗೆ ಕದ್ದದ್ದೆನಿಸಲಿಲ್ಲ. ಇಪ್ಪತ್ಮೂರನೇ ನೋಟ್‌ಬುಕ್ಕು ತೆರೆದು, ತಡವಾದ ಹೊತ್ತು ಒಂದು ತಾಸು ಐವತ್ತು ನಿಮಿಷ ಎಂದು ಬರೆದು, ಕಾರಣ ಎಂಬಲ್ಲಿ 'ಬಂಡೆಪ್ಪನ ಹೊಟ್ಟೆಕಿಚ್ಚು' ಎಂದು ತನ್ನ ಜನ್ಮದಲ್ಲೇ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದ. ಅದನ್ನೊಯ್ದು ಇನಾಮದಾರ ಸಾಹೇಬರ ಮುಂದೆ ಹಿಡಿದ. ಅವರು ಓದಿ ಹೊಟ್ಟೆ ಹಿಡಿದು ನಕ್ಕರು. "ಏನ್ ವಿನಯ ಮಾರಾಯಾ ನಿಂದು!" ಎಂದು ಬೆನ್ನು ತಟ್ಟಿದರು. ಬಂಡೆಪ್ಪ ಆಣೆ ಮಾಡಿ ಹೇಳಿದ. ಹೇಳಿದಷ್ಟೂ ಅವರ ಕಣ್ಣಲ್ಲಿ ಇನ್ನಷ್ಟು ದೊಡ್ಡವನಾದ. ನಂಬಿದವಳು ಮಹಾನಂದಾ ಒಬ್ಬಳೇ. ಆಕೆ ಅವನಿಂದಲೇ ಒಂದು ಚೀಲ ಮೆಣಸಿನಕಾಯಿ ಸೀಳಿಸಿ, ಸಾವಿರದ ಇನ್ನೂರು ಜನಕ್ಕೆ ಭಜಿ ಕರಿಸಿದಳು. ಕಣ್ಣುರಿಯಿಂದ ಅವನು ಮೂರು ದಿನ ಅತ್ತ. ಕಣ್ಣುರಿಯಿಂದಲೇ ಎಂದು ಅವನೂ ಹೇಳಿದ, ಆಕೆಯೂ ಹೂಂ ಅಂದಳು.

ಮರುವರ್ಷ ಸುನಂದಾಬಾಯಿ ಕಟ್ಟಿದ ಶಟ್‌ಡೌನ್ ಪಟ್ಟಿಯಲ್ಲಿ ಯಾರೂ ಕೇಳದ ಒಂದು ಕೆಲಸ ಕಟ್ಟಕಡೆಗೆ ಕೂತಿತ್ತು: 'ಬಂಡೆಪ್ಪನನ್ನು ಹುಡುಕುವುದು. ಹನ್ನೊಂದು ಜನ. ಒಂದು ತಾಸು ಐವತ್ತು ನಿಮಿಷ.' ತೆಗೆದುಹಾಕಿ ಎಂದು ಕಂಪನಿಯವರು ಎಷ್ಟು ಬೇಡಿಕೊಂಡರೂ ಅವಳು ಜಪ್ಪಯ್ಯ ಅನ್ನಲಿಲ್ಲ. ಅವಳಿಂದ ಅವಳಂಥ ಇನ್ನೂ ನೂರಾರು ಯಂತ್ರಗಳು ಕಲಿತವು. ಈಗ ಏಳು ಸಮುದ್ರಗಳಾಚೆಯ ಸಿಮೆಂಟ್ ಸುಡುವ ಊರಿನಲ್ಲೂ, ಕನ್ನಡದ ಗಂಧವೇ ಇಲ್ಲದ ಹನ್ನೊಂದು ಜನ ಬ್ಯಾಟರಿ ಹಿಡಿದು ಖಾಲಿ ಕಿಲನಿನೊಳಗೆ 'ಬಂಡೆಪ್ಪಾ, ಬಂಡೆಪ್ಪಾ' ಎಂದು ಕೂಗುತ್ತ ಹೋಗುತ್ತಾರೆ. ಯಾರೂ ಓಗೊಡಲಿಲ್ಲವೆಂದರೆ ಮಾತ್ರ ಬೆಂಕಿ.

ಸುಣ್ಣಗೇರಾದಲ್ಲಿ ಆ ಹೊತ್ತಿಗೆ ಒಂದನೇ ನಂಬರಿನ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಬಂಡೆಪ್ಪ ಕೆಂಪು ಪೆಟ್ಟಿಗೆಯ ಪಕ್ಕ ನಿಂತಿರುತ್ತಾನೆ. ಒಳಗಿನಿಂದ ತನ್ನ ಹೆಸರು ಎಪ್ಪತ್ತು ಮೀಟರ್ ಗುಡುಗಿ ಬರುತ್ತದೆ. "ಓ" ಅನ್ನಲು ನಾಲಿಗೆ ತುದಿಗೆ ಬರುತ್ತದೆ. ಅವನು ತುಟಿ ಕಚ್ಚಿ ಹಿಡಿದು, ಮತ್ಯಾರಾದರೂ ಓಗೊಡುತ್ತಾರೋ ಎಂದು ಕಿವಿಗೊಟ್ಟು ಕೇಳುತ್ತಾನೆ.